ಗಾಜಿನಡಿ ಏನೂ ಇರಲಿಲ್ಲ

ಗೌರಿ, ನಿಮ್ಮ ಮನೆಯ ರೇಷ್ಮೆಹುಳಕ್ಕೆ ಗಂಟುರೋಗ ಬಂದಿರಲಿಲ್ಲ. ಸೂಕ್ಷ್ಮದರ್ಶಕದ ಗಾಜಿನಡಿ ನನಗೆ ಏನೂ ಕಾಣಲಿಲ್ಲ. ಕಂಡಿತು ಎಂದು ಸುಳ್ಳು ಹೇಳಿದೆ — ಗೊತ್ತಿದ್ದೂ, ಬೇಕೆಂದೇ, ನಿಮ್ಮವ್ವನನ್ನು ನೋಯಿಸಲಿಕ್ಕೆಂದೇ. ಆ ಬೆಳೆ ನಿನ್ನಿಂದ ಹಾಳಾಗಲಿಲ್ಲ. ನೀನು ಮುಟ್ಟಾಗಿದ್ದಾಗ ಹುಳದ ಮನೆಯೊಳಗೆ ಕಾಲಿಟ್ಟಿದ್ದರಿಂದ ಒಂದು ಹುಳವೂ ಸಾಯಲಿಲ್ಲ. ಹುಳ ಸತ್ತದ್ದು ನಿಮ್ಮಪ್ಪ ಹಚ್ಚಿದ ಬೆಂಕಿಯಿಂದ. ಹಚ್ಚಿಸಿದವಳು ನಾನು.

ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದಿನದನ್ನು ಓದುವ ಮನಸ್ಸು ನಿನಗೆ ಉಳಿಯದೆ ಹೋದರೂ ಇದು ನಿನ್ನನ್ನು ತಲುಪಿರಲಿ.

ನಾವು ಮತ್ತೆ ಊರು ಬದಲಿಸುತ್ತಿದ್ದೇವೆ. ಆಫ್ರಿಕಾದ ಈ ಗುಡ್ಡದ ಊರಿನಲ್ಲಿ ನಿಮ್ಮ ಚಿಕ್ಕಪ್ಪನ ಕೆಲಸ ಮುಗಿಯಿತು. ಇಲ್ಲಿನ ಹೆಂಗಸರು ಈಗ ಯಾರ ಸಹಾಯವೂ ಇಲ್ಲದೆ ಗೂಡಿನಿಂದ ನೂಲು ತೆಗೆಯುತ್ತಾರೆ. ಇನ್ನು ಸರೋವರದ ದಡದ ಒಂದು ಊರಿಗೆ ಹೋಗಬೇಕು. ಅಲ್ಲೂ ಹಿಪ್ಪುನೇರಳೆ ನೆಟ್ಟಿದ್ದಾರಂತೆ, ಅಲ್ಲೂ ಮೊದಲಿನಿಂದ ಕಲಿಸಬೇಕಂತೆ. ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದೆ. ನಿಮ್ಮ ಚಿಕ್ಕಪ್ಪ ಸೂಕ್ಷ್ಮದರ್ಶಕವನ್ನು ಎರಡೂ ಕೈಯಲ್ಲಿ ಹಿಡಿದು ಬಂದು, "ಇದ್ನ ಯಾವುದ್ರಾಗ್ ಇಡ್ಲಿ?" ಎಂದ. ಆಮೇಲೆ, ಅದೇ ಉಸಿರಿನಲ್ಲಿ — "ಆ ಮನೇಲೂ ಒಂದು ರೂಮು ಹೆಚ್ಗೇ ಐತಂತೆ. ಗೌರಿ ಬಂದಿದ್ರೆ... ಹೋಗ್ಲಿ ಬುಡು, ಅವ್ಳ ಹಣೇಲಿ ಬರೆದಿರ್ನಿಲ್ಲ."

ನಿನ್ನ ಹಣೆಯಲ್ಲಿ ಏನು ಬರೆದಿತ್ತೋ ನನಗೆ ಗೊತ್ತಿಲ್ಲ. ಅದರ ಮೇಲೆ ಗೀಚಿದ ಕೈ ಯಾವುದೆಂದು ಗೊತ್ತು.

ನಡೆದದ್ದನ್ನು ಮೊದಲಿನಿಂದ ಹೇಳಬೇಕು. ನೆಪ ಹೂಡುವುದಕ್ಕಲ್ಲ. ದ್ವೇಷ ಎಲ್ಲಿಂದ ಶುರುವಾಯಿತೆಂದು ಹೇಳದಿದ್ದರೆ ಅದನ್ನೂ ಬಚ್ಚಿಟ್ಟಂತಾಗುತ್ತದೆ — ನಾನು ಇನ್ನು ಏನನ್ನೂ ಬಚ್ಚಿಡಲಾರೆ.

ಮಾಗಡಿ ಸೀಮೆಯ ನಿಮ್ಮ ಮನೆಗೆ ನಾನು ಸೊಸೆಯಾಗಿ ಬಂದಾಗ ನಿಮ್ಮವ್ವ ಜಯಮ್ಮನೇ ಆ ಮನೆಯ ಯಜಮಾನಿ. ನನಗೆ ವಾರಗಿತ್ತಿ; ಅಕ್ಕ ಎಂದು ಕರೆಯುತ್ತಿದ್ದೆ. ಕುರಿ ಮಾರಿ ಹಿಪ್ಪುನೇರಳೆ ನೆಟ್ಟವರೆಲ್ಲ ಹೊಸ ಮನೆ ಕಟ್ಟಿಸುತ್ತಿದ್ದ ಕಾಲ. ರಾಮನಗರದ ಗೂಡಿನ ಮಾರುಕಟ್ಟೆಗೆ ಗಾಡಿಯಲ್ಲಿ ಹೋದವರು ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದರು. ನಿಮ್ಮ ಮನೆಯ ಗೂಡಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ. ಅದು ನೂಲಿಗಲ್ಲ, ಬಿತ್ತನೆಗೆ. ನಿಮ್ಮ ತಿಳಿಹಸಿರು ಗೂಡಿನ ಚಿಟ್ಟೆಗಳು ಇಟ್ಟ ಮೊಟ್ಟೆಯಿಂದಲೇ ಬೇರೆಯವರ ಬೆಳೆ. ಹಾಗಾಗಿ ನಿಮ್ಮ ಹುಳದ ಮನೆ ದೇವರ ಮನೆಗಿಂತ ಮಡಿ. ಹೊರಗಿನವರು ಬರುವಂತಿಲ್ಲ, ಬೀಡಿ ಸೇದಿದವರು ಬರುವಂತಿಲ್ಲ, ಮುಟ್ಟಾದವರ ನೆರಳೂ ಹೊಸ್ತಿಲು ದಾಟುವಂತಿಲ್ಲ.

ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಆದರೂ ಆ ಕಟ್ಟಳೆಯನ್ನು ಒಂದು ದಿನವೂ ಮೀರಲಿಲ್ಲ. ಜಗಳವಾಡುವ ಸ್ವಭಾವ ನನ್ನದಲ್ಲ. ಅದಕ್ಕಿಂತ — ನನ್ನ ಮೈಯ ವಿಷಯ ಇನ್ನೊಬ್ಬರ ಬಾಯಲ್ಲಿ ಬರುವುದೇ ನನಗೆ ಆಗದ ಮಾತು. ಯಾರಿಗೂ ಹೇಳದೆ ಹೊರಗೆ ಕೂರುತ್ತಿದ್ದೆ, ಯಾರಿಗೂ ಕಾಣದಂತೆ ಬಟ್ಟೆ ಒಗೆದು ಹುಲ್ಲಿನ ಮೆದೆಯ ಹಿಂದೆ, ಹಳೆಯ ಗೋಣಿಯ ಕೆಳಗೆ ಒಣಗಿಸುತ್ತಿದ್ದೆ.

ನಿಮ್ಮ ಚಿಕ್ಕಪ್ಪ ಆಫ್ರಿಕಾಕ್ಕೆ ಮೊದಲು ಹೋದ ವರ್ಷ ಅದು. ನನ್ನನ್ನು ಕರೆಸಿಕೊಳ್ಳುವವರೆಗೆ ನಾನು ನಿಮ್ಮೊಡನೆ ಇದ್ದೆ. ಒಂದು ಬೆಳೆ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹಾಲುತೊಂಡೆ ರೋಗ ಬಿತ್ತು. ಹುಳ ಊದಿಕೊಂಡು, ಚರ್ಮ ಒಡೆದು, ಬಿಳಿ ನೀರು ಸುರಿಸುತ್ತಾ ತಟ್ಟೆಯಂಚಿನಲ್ಲಿ ನೇತಾಡಿದವು. ಒದ್ದೆ ಎಲೆ ಕೊಟ್ಟಿದ್ದರು, ಕಿಟಕಿ ಮುಚ್ಚಿಟ್ಟಿದ್ದರು — ಮೆಲ್ಲಗೆ ಹಾಗೆಂದೆ. ಅಷ್ಟೇ ನಾನು ಆಡಿದ ಮಾತು.

"ಎಲೆ ಮ್ಯಾಕ್ ಹಾಕ್ತೀಯಾ? ಓದ್ದೋಳೆ, ಯಾವತ್ ಹೊರಗಾದೆ ನೀನು, ಅದ್ನ ಹೇಳು ಮದ್ಲು!" ಎಂದು ನಿಮ್ಮವ್ವ ಸಿಡಿದಳು.

ಅಂಗಳದಲ್ಲಿ ಎಲೆ ಕುಯ್ಯುವ ಆಳುಗಳು ರಾಗಿಮುದ್ದೆ ತಿನ್ನುತ್ತ ಕೂತಿದ್ದರು. ಗಂಡಸರೂ ಇದ್ದರು. ನಿಮ್ಮವ್ವ ಮೆದೆಯ ಹಿಂದೆ ಹೋದಳು. ಬರುವಾಗ ಕೋಲಿನ ತುದಿಯಲ್ಲಿ ನನ್ನ ಬಟ್ಟೆಗಳು — ಕೈ ತಾಗದಂತೆ ಎತ್ತಿಕೊಂಡು ಬಂದಿದ್ದಳು. ಮೂಲೆಯಲ್ಲಿ ಒಂದು ಚಂದ್ರಿಕೆ ಒರಗಿಸಿಟ್ಟಿತ್ತು, ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಹೆಣಿಗೆ ಕಿತ್ತು ಒಲೆಗೆಂದು ಇಟ್ಟದ್ದು. ಅದರ ಮೇಲೆ ಒಂದೊಂದಾಗಿ ಹರವಿದಳು. ಎಲ್ಲರಿಗೂ ಕಾಣುವ ಹಾಗೆ.

"ನೋಡ್ರಪ್ಪಾ, ಇದು ಕಟ್ಟಿರೋ ಗೂಡ!"

ಯಾರೋ ಕಿಸಕ್ಕೆಂದು ನಕ್ಕರು.

ನಾನು ಅಳಲಿಲ್ಲ. ಒಳಗೆ ಹೋಗಲೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದೆ. ಆಗ ನೀನು ಬಂದೆ. ನಿನಗಿನ್ನೂ ಉದ್ದ ಲಂಗದ ವಯಸ್ಸು. ಯಾರ ಮುಖವನ್ನೂ ನೋಡದೆ ಚಂದ್ರಿಕೆಯ ಹತ್ತಿರ ಹೋಗಿ ಬರಿಗೈಯಲ್ಲಿ ಬಟ್ಟೆಗಳನ್ನೆಲ್ಲ ತೆಗೆದು, ಮಡಿಸಿ, ನನ್ನ ಕೈಗೆ ಕೊಟ್ಟೆ. "ಮುಟ್ಬುಟ್ಟಲ್ಲೇ ಮುಂಡೇದೆ!" ಎಂದು ನಿಮ್ಮವ್ವ ಕೂಗಿದಳು. "ಮುಟ್ಟುದ್ರೆ ತಾನೆ ತಗಿಯಕ್ಕಾಗದು," ಎಂದೆ ನೀನು. ನಿನಗೆ ಬಿದ್ದ ಏಟಿನ ಸದ್ದು ನನಗೆ ಇನ್ನೂ ಕೇಳುತ್ತದೆ.

ಅಂದೇ ಎರಡು ಮಾತು ನನಗೆ ನಾನೇ ಕೊಟ್ಟುಕೊಂಡೆ. ಈ ಹುಡುಗಿಯ ಋಣ ತೀರಿಸುತ್ತೇನೆ. ಈ ಹೆಂಗಸನ್ನು ಬಿಡುವುದಿಲ್ಲ. ಎರಡೂ ಒಂದೇ ಮನೆಯಲ್ಲಿವೆ, ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ ಎಂದು — ಅಷ್ಟು ಓದಿದವಳಿಗೆ ಅದು ಹೊಳೆಯಲಿಲ್ಲ.

ಆಫ್ರಿಕಾಕ್ಕೆ ಬಂದೆ. ರಾಜಧಾನಿಯ ಗದ್ದಲದಲ್ಲಿ ಕೆಲವು ವರ್ಷ ಕಳೆದೆವು. ಸುಖವಾಗಿಯೇ ಇದ್ದೆ, ಗೌರಿ. ಆದರೆ ಬಟ್ಟೆ ಒಣಹಾಕುವ ಪ್ರತಿ ಸಲವೂ ಆ ಅಂಗಳ ಎದುರು ಬಂದು ನಿಲ್ಲುತ್ತಿತ್ತು. ನಿಮ್ಮವ್ವನಿಗೆ ಹೇಳಬೇಕಿದ್ದ ಉತ್ತರಗಳನ್ನು ಅಕ್ಕಿ ಬೇಯುವಷ್ಟು ಹೊತ್ತು ಮನಸ್ಸಿನಲ್ಲೇ ತಿದ್ದುತ್ತಿದ್ದೆ — ಒಂದು ಪದ ತೆಗೆದು, ಒಂದು ಪದ ಸೇರಿಸಿ, ಹರಿತ ಮಾಡಿ. ಸಿಟ್ಟು ಬೇರೆಯವರಲ್ಲಿ ಆರುತ್ತದಂತೆ. ನನ್ನದು ಹದವಾಗುತ್ತಾ ಹೋಯಿತು.

ಆಮೇಲೆ ಈ ಗುಡ್ಡದ ಊರಿಗೆ ಹೋಗಬೇಕೆಂದು ನಿಶ್ಚಯವಾಯಿತು. ಇಲ್ಲಿ ಹೊಸದಾಗಿ ರೇಷ್ಮೆ ಕೇಂದ್ರ ತೆರೆಯುವವರಿದ್ದರು. ಆಗತಾನೆ ಮೊಟ್ಟೆಯೊಡೆದ ಚಾಕಿ ಹುಳ ಸಾಕುವುದನ್ನು ಕಲಿಸಲು ಊರಿನಿಂದ ಒಬ್ಬರು ಬೇಕು ಎಂದಾಗ ನಿಮ್ಮ ಚಿಕ್ಕಪ್ಪ ನಿನ್ನ ಹೆಸರು ಹೇಳಿದ. ನಾನು ಕುಣಿದಾಡಿಬಿಟ್ಟೆ. ಇರುವೆಗಿಂತ ಸಣ್ಣ ಹುಳವನ್ನು ಕೋಳಿಗರಿಯಲ್ಲಿ ಸವರಿ ಎಲೆಯ ಮೇಲೆ ಇಳಿಸುವಾಗ ನಿನ್ನ ಕೈಯಿಂದ ಒಂದೂ ಜಾರುತ್ತಿರಲಿಲ್ಲ. ಆ ಕೈಗೆ ಸಂಬಳ ಬರುತ್ತದೆ, ನಿನಗೆ ನಿನ್ನದೇ ಕೋಣೆ ಇರುತ್ತದೆ, ಯಾರ ಕೋಲೂ ತಲುಪದ ಊರು... ಕೋಣೆಗೆ ನೀಲಿ ಪರದೆ ಹೊಲಿದೆ. ಕೇಳಿದಾಗ ನಿಮ್ಮಪ್ಪ ಒಪ್ಪಿದರು. ನಿಮ್ಮವ್ವನೂ ಗೊಣಗುತ್ತಲೇ ಒಪ್ಪಿದಳು. ನಿನ್ನನ್ನು ಕರೆತರಲೆಂದೇ ನಾವು ರಜೆ ಹಾಕಿ ಊರಿಗೆ ಬಂದೆವು.

ಬಸ್ಸಿಳಿದು ಅಂಗಳಕ್ಕೆ ಕಾಲಿಟ್ಟಾಗ ನೀನು ಓಡಿಬಂದು ನನ್ನ ಕೈಯಿಂದ ಚೀಲ ಕಿತ್ತುಕೊಂಡೆ. "ಚಿಕ್ಕವ್ವ, ಅಲ್ಲಿ ಹಿಪ್ನೇಳೆ ಸೊಪ್ಪು ಇಷ್ಟಗಲ ಬತ್ತದಾ? ಚಳಿ ಐತಾ? ಸ್ವೆಟರ್ ತಗಂಡಿವ್ನಿ!" ನಾನು ಉತ್ತರ ಕೊಡುವುದರೊಳಗೆ ನಿಮ್ಮವ್ವ ಹುಳದ ಮನೆಯ ಬಾಗಿಲಲ್ಲಿ ನಿಂತು, ಆಳುಗಳಿಗೆಲ್ಲ ಕೇಳುವಂತೆ —

"ಬಾರವ್ವ, ಆಫ್ರಿಕದ್ ದೊರೆಸಾನಿ! ಏನು, ಇವತ್ ಒಳಿಕ್ ಬರ್ಬೋದಾ, ಇಲ್ಲ ಹೊರಗಿದ್ದೀಯಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಬಹುಶಃ ಅವಳಿಗೆ ಅದು ಸಲಿಗೆಯ ತಮಾಷೆ. ಹಳೆಯದನ್ನು ಮರೆತೇಬಿಟ್ಟಿದ್ದಳೇನೋ. ಅವಳು ಮರೆತಿದ್ದಾಳೆ ಅನ್ನುವುದೇ ನನ್ನನ್ನು ಹೆಚ್ಚು ಸುಟ್ಟಿತು. ನಾನೂ ನಕ್ಕೆ. ನಗುತ್ತಲೇ ಒಳಗೆ ಹೋದೆ.

ಮರುದಿನ ನಿಮ್ಮ ಚಿಕ್ಕಪ್ಪ ನಿನ್ನ ಪ್ರಯಾಣದ ಕಾಗದಪತ್ರಕ್ಕೆಂದು ಬೆಂಗಳೂರಿಗೆ ಹೋದ. ಹುಳ ನಾಲ್ಕನೇ ಜ್ವರ ಎದ್ದು, ಕೊನೆಯ ಸಲ ಪೊರೆ ಕಳಚಿ ಮೇಯುತ್ತಿದ್ದವು, ಇನ್ನೇನು ಹಣ್ಣಾಗಬೇಕು. ಕೆಲವು ಮಂಕಾಗಿವೆ ಎಂದು ನಿಮ್ಮಪ್ಪನಿಗೆ ಅನುಮಾನ. "ಒಸಿ ನಿನ್ ಮಿಸೀನ್ನಾಗೆ ನೋಡ್ಬುಡವ್ವ," ಎಂದರು. ಊರಿನವರಿಗೆ ತೋರಿಸಲೆಂದು ಸೂಕ್ಷ್ಮದರ್ಶಕವನ್ನು ನಿಮ್ಮ ಚಿಕ್ಕಪ್ಪನೇ ತಂದಿದ್ದ. ಜಗಲಿಯ ಮೇಲಿಟ್ಟೆ. ಮಂಕಾದ ಹುಳವನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು, ಕಣ್ಣು ಹಚ್ಚಿದೆ.

ಗಂಟುರೋಗವಿದ್ದರೆ ಅಲ್ಲಿ ಅಕ್ಕಿಕಾಳಿನಂಥ ಹೊಳೆಯುವ ಕಣಗಳು ಕಾಣಬೇಕು. ಕಾಣಲಿಲ್ಲ. ಎಲೆಯ ಚೂರು, ಒಂದು ಗಾಳಿಗುಳ್ಳೆ. ಇನ್ನೊಂದು ಹುಳ ನೋಡಿದೆ, ಮತ್ತೊಂದು. ಏನೂ ಇಲ್ಲ. ಸೆಖೆಗೆ ಮಂಕಾಗಿದ್ದವು, ಅಷ್ಟೇ.

ತಲೆ ಎತ್ತಿದೆ. ನಿಮ್ಮವ್ವ ಎದುರಿಗೆ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಆ ಮುಖದಲ್ಲಿ ನಾನು ಎಂದೂ ನೋಡದಿದ್ದ ಒಂದು ಭಾವ — ಹೆದರಿಕೆ. ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳು. ನನ್ನ ಬಾಯಿಂದ! ಅಷ್ಟು ವರ್ಷ ತಿದ್ದಿ ತೀಡಿದ ಉತ್ತರಗಳೆಲ್ಲ ಒಂದೇ ಪದವಾಗಿ ನಾಲಿಗೆಗೆ ಬಂದವು.

"ಇದೆ," ಎಂದೆ. "ಗಂಟುರೋಗ."

ಆ ಕ್ಷಣದ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಅವಳು ಕಂಬ ಹಿಡಿದಳು. ಜ್ವರದ ಬಾಯಿಗೆ ತಣ್ಣನೆಯ ನೀರು ಬಿದ್ದ ಹಾಗೆ — ಅಷ್ಟು ಹಿತವಾಗಿತ್ತು ನನಗೆ.

ಬಿತ್ತನೆ ಮನೆಗೆ ಆ ರೋಗ ಬಂತೆಂದರೆ ಇಡೀ ಬೆಳೆಯನ್ನೇ ಸುಡಬೇಕೆಂದು ನಿನಗೆ ಗೊತ್ತು. ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ಯಾರಾದರೂ ಮತ್ತೆ ಪರೀಕ್ಷೆ ಮಾಡಿದರೆ ಸುಳ್ಳು ಬಯಲಾಗುತ್ತದಲ್ಲ... ನಿಮ್ಮಪ್ಪನಿಗೆ ತಣ್ಣಗೆ ಹೇಳಿದೆ: "ಭಾವ, ಇಲಾಖೆಯವರಿಗೆ ತಿಳಿದರೆ ಇನ್ನು ನಿಮ್ಮಿಂದ ಬಿತ್ತನೆ ಗೂಡು ಕೊಳ್ಳುವುದಿಲ್ಲ. ಅವರು ಬರುವ ಮೊದಲು ಸುಟ್ಟುಬಿಡಿ. ಒಂದೂ ಉಳಿಯಬಾರದು." ಅವರು ನನ್ನ ಓದನ್ನು ನಂಬಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಮೇಯುತ್ತಿದ್ದ ಹುಳಗಳನ್ನು ತಟ್ಟೆ ತಟ್ಟೆಯಾಗಿ ಸುರಿದು ಸೀಮೆಎಣ್ಣೆ ಹಾಕಿದರು. ಹೊಟ್ಟೆಯಲ್ಲಿ ರೇಷ್ಮೆ ತುಂಬಿಕೊಂಡಿದ್ದ ಹುಳ. ಕೂದಲು ಸುಟ್ಟ ವಾಸನೆ ಊರಿಗೆಲ್ಲ ಹಬ್ಬಿತು.

ಇಲ್ಲಿಯವರೆಗಿನದು ನಿಮ್ಮವ್ವನಿಗೆ ನಾನು ಮಾಡಿದ್ದು. ಇಷ್ಟೇ ಆಗಿದ್ದರೆ, ನಿಜ ಹೇಳುತ್ತೇನೆ, ನಾನು ಇದನ್ನು ಬರೆಯುತ್ತಿರಲಿಲ್ಲ.

ಬೆಂಕಿ ಆರುವ ಮೊದಲೇ ಅವಳು ಅಂಗಳದ ನಡುವೆ ನಿಂತಳು. "ಯಾರ್ ಹೊಕ್ಕಿದ್ರಿ? ಯಾರು ಮುಟ್ಟಾಗಿ ಒಳಿಕ್ ಹೊಕ್ಕಿದ್ರಿ, ಬಾಯ್ಬುಡ್ರೇ!" ಎಂದು ಕಿರುಚಿ, ಮೊದಲು ನೋಡಿದ್ದು ನನ್ನ ಕಡೆಗೆ.

ನಾನು ಸಿದ್ಧವಾಗಿದ್ದೆ. "ನಾನು ಬಂದದ್ದು ನಿನ್ನೆ, ಅಕ್ಕ. ರೋಗ ಹಳೆಯದು."

ಕಣ್ಣು ನನ್ನಿಂದ ಸರಿಯಿತು. ಎಲ್ಲಿಗೆ ಸರಿಯಬಹುದಿತ್ತು? ಆ ಮನೆಯಲ್ಲಿ ಇನ್ನೊಬ್ಬ ಹೆಣ್ಣು ನೀನೊಬ್ಬಳೇ.

ನೀನು ಸುಳ್ಳು ಹೇಳಬಹುದಿತ್ತು. ಯಾರೂ ನೋಡಿರಲಿಲ್ಲ. ಆದರೆ ನೀನು ನನ್ನ ಹಾಗಲ್ಲ.

"ಒಂದ್ಸಲ ಹೊಕ್ಕಿದ್ದೆ ಕಣವ್ವ... ಹೋದ ವಾರ. ತಟ್ಟೇಗೆ ಹಲ್ಲಿ ಬಿದ್ದಿತ್ತು, ಹುಳ ತಿಂತಿತ್ತು. ನೀವ್ಯಾರೂ ಇರ್ನಿಲ್ಲ. ಓಡ್ಸಿ ಬಂದ್ಬುಟ್ಟೆ. ಏನೂ ಮುಟ್ನಿಲ್ಲ ಕಣವ್ವ..."

ನಿಮ್ಮವ್ವ ಕೋಲು ತೆಗೆದುಕೊಂಡಳು. ಹಿತ್ತಲಿಗೆ ಹೋದಳು. ನನಗೆ ಮುಂದಿನದು ಗೊತ್ತಿತ್ತು — ಹೆಜ್ಜೆ ಹೆಜ್ಜೆಯೂ ಗೊತ್ತಿತ್ತು. ಕೋಲಿನ ತುದಿ, ಗೋಡೆಗೆ ಒರಗಿದ ಚಂದ್ರಿಕೆ. ಈ ಸಲ ನಿನ್ನ ಬಟ್ಟೆಗಳು. ಎಲೆ ಕುಯ್ಯುವ ಒಬ್ಬ ಮುದುಕಿ, "ಬುಡು ಜಯವ್ವ, ವಯಸ್ಸಿಗ್ ಬಂದ್ ಮಗ," ಎಂದಳು. "ವಯಸ್ಸಿಗ್ ಬಂದೇ ಮನೆ ತೆಗುದ್ಲು!" ಎಂದು ನಿಮ್ಮವ್ವ ಎದೆ ಬಡಿದುಕೊಂಡಳು.

ಗಂಟುರೋಗ ಬರುವುದು ಮೊಟ್ಟೆಯಿಂದ, ಗೌರಿ. ತಾಯಿಚಿಟ್ಟೆಯಿಂದ ಮೊಟ್ಟೆಗೆ. ಯಾರ ಮುಟ್ಟಿನಿಂದಲೂ ಅಲ್ಲ. ಇದು ನನಗೆ ಗೊತ್ತಿತ್ತು. ನನ್ನ ಸುಳ್ಳನ್ನು ಹಾಗೆಯೇ ಉಳಿಸಿಕೊಂಡೂ ಈ ಒಂದು ನಿಜವನ್ನು ಹೇಳಿದ್ದರೆ ನೀನು ಪಾರಾಗುತ್ತಿದ್ದೆ. ಹೇಳಲಿಲ್ಲ. ಹೇಳಿದರೆ ಮೊಟ್ಟೆ ಕೊಟ್ಟವರನ್ನು ಕೇಳುತ್ತಾರೆ, ಅದೇ ಮೊಟ್ಟೆ ತಂದ ಬೇರೆ ಮನೆಗಳಲ್ಲಿ ನೋಡುತ್ತಾರೆ, ಅಲ್ಲಿ ಹುಳ ಚೆನ್ನಾಗಿರುತ್ತದೆ... ಇಷ್ಟೆಲ್ಲವನ್ನೂ ನಾನು ನಿಂತಲ್ಲೇ ಲೆಕ್ಕ ಹಾಕಿದೆ. ನಿನ್ನ ಕಣ್ಣು ನನ್ನನ್ನೇ ಹುಡುಕುತ್ತಿದ್ದವು. ಚಿಕ್ಕವ್ವನಿಗೆ ಗೊತ್ತಿರುತ್ತದೆ, ಚಿಕ್ಕವ್ವ ಏನಾದರೂ ಹೇಳುತ್ತಾಳೆ — ಹಾಗೆ ನೋಡಿದೆ ನೀನು. ನಾನು ಸೂಕ್ಷ್ಮದರ್ಶಕವನ್ನು ಒರೆಸುತ್ತಾ ಕೂತೆ.

ನನ್ನ ಬಟ್ಟೆಗಳನ್ನು ಚಂದ್ರಿಕೆಯಿಂದ ತೆಗೆದವಳು ನೀನು. ನಿನ್ನವು ಸಂಜೆಯವರೆಗೂ ಅಲ್ಲೇ ಇದ್ದವು.

ನಿಮ್ಮ ಚಿಕ್ಕಪ್ಪ ಬರುವಷ್ಟರಲ್ಲಿ ಗುಂಡಿಯಲ್ಲಿ ಬೂದಿ. ನಿನ್ನ ಪ್ರಯಾಣದ ಮಾತೆತ್ತಿದ್ದಕ್ಕೆ ನಿಮ್ಮವ್ವ, "ಹುಳ ಸಾಯ್ಸಿದೋಳ್ನ ಯಾವ್ ಮೊಕ ಇಟ್ಕಂಡು ಹುಳದ್ ಕೆಲ್ಸಕ್ಕೆ ಕಳುಸ್ಲಿ?" ಎಂದಳು. ಅವನು ಬಹಳ ಬೇಡಿಕೊಂಡ. ಕೊನೆಗೆ ನಿನ್ನನ್ನೇ ಕೇಳಿದ. ನೀನು ಸ್ವೆಟರು ಮಡಿಸಿ ನನ್ನ ಕೈಗೆ ಕೊಟ್ಟು, "ಬ್ಯಾಡ ಚಿಕ್ಕಪ್ಪ, ಅಲ್ಲೂ ಹೋಗಿ ಸಾಯ್ಸದ್ ಬ್ಯಾಡ," ಎಂದೆ. ನಾನು ಸ್ವೆಟರು ತೆಗೆದುಕೊಂಡೆ.

ಈ ಊರಿಗೆ ನಾವಿಬ್ಬರೇ ಬಂದೆವು. ನೀಲಿ ಪರದೆಯ ಕೋಣೆಯಲ್ಲಿ ಈರುಳ್ಳಿ, ಆಲೂಗಡ್ಡೆ ಇಡುತ್ತಾ ಬಂದೆ. ನಿಮ್ಮವ್ವನೋ, ಮುಂದಿನ ಬೆಳೆಯಲ್ಲೇ ಚೇತರಿಸಿಕೊಂಡಳು. ಒಂದು ಬೆಳೆ ಹೋದರೆ ಏಳಲಾರದ ಮನೆಯಲ್ಲ ಅದು. ನೀನು ಚೇತರಿಸಿಕೊಳ್ಳಲಿಲ್ಲ. ಹುಳ ಸಾಕುವ ಯಾವ ಮನೆಯವರೂ ನಿನ್ನನ್ನು ಕೇಳಿಕೊಂಡು ಬರಲಿಲ್ಲ. ಆಗ ಹುಳವಿಲ್ಲದ ಮನೆ ಎಲ್ಲಿತ್ತು? ಹುಡುಕಿ ಹುಡುಕಿ, ಕನಕಪುರದಾಚೆಯ ಕಲ್ಲುಗುಡ್ಡದ ಊರಿನಲ್ಲಿ ಇನ್ನೂ ಕುರಿಯನ್ನೇ ನಂಬಿಕೊಂಡಿದ್ದ ನೆಂಟರಿಗೆ ಕೊಟ್ಟರು. ಒಳ್ಳೆಯ ಜನ ಎಂದು ಕೇಳಿದ್ದೇನೆ. ನಿನ್ನನ್ನು ಏನೂ ಅನ್ನುವುದಿಲ್ಲವಂತೆ.

ಹೋದ ವರ್ಷ ನಿಮ್ಮ ಚಿಕ್ಕಪ್ಪ ಒಬ್ಬನೇ ಊರಿಗೆ ಹೋಗಿ ನಿನ್ನನ್ನು ನೋಡಿಕೊಂಡು ಬಂದ. ಆಗತಾನೆ ಕುರಿ ಈದಿತ್ತಂತೆ. ಮರಿ ಎತ್ತಿಕೊಡಮ್ಮ ಎಂದನಂತೆ. ನೀನು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, "ನಂಗ್ ಬ್ಯಾಡ ಚಿಕ್ಕಪ್ಪ, ಎಳೇವು. ನನ್ ಕೈ ಒಳ್ಳೇದಲ್ಲ," ಎಂದೆಯಂತೆ.

ಅವನು ಅದನ್ನು ಸುಮ್ಮನೆ, ಊಟದ ನಡುವೆ ಹೇಳಿದ. ಅಂದಿನಿಂದ ಆ ಮೂರು ಪದ ನನ್ನ ಕಿವಿಯಲ್ಲಿವೆ — ನನ್ ಕೈ ಒಳ್ಳೇದಲ್ಲ. ಗರಿಯಲ್ಲಿ ಹುಳ ಇಳಿಸುತ್ತಿದ್ದ ಕೈ. ನನ್ನ ಬಟ್ಟೆಯನ್ನು ಮಡಿಸಿ ಕೊಟ್ಟ ಕೈ. ಅಷ್ಟಾದರೂ ಒಂದು ವರ್ಷ ಸುಮ್ಮನಿದ್ದೆ.

ಇವತ್ತು ಸೂಕ್ಷ್ಮದರ್ಶಕವನ್ನು ಅವನ ಕೈಯಿಂದ ತೆಗೆದುಕೊಂಡು ನೆಲದ ಮೇಲಿಟ್ಟೆ. ಹೇಳಿದೆ. ಅವನು ಆಗಲೇ ಇನ್ನೊಂದು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ, ಕೈ ನಿಂತಿತು.

"ಗಾಜಿನ್ ಕೆಳ್ಗೆ ಏನ್ ಕಾಣ್ತು ನಿಂಗೆ?"

"ಏನೂ ಇರಲಿಲ್ಲ."

ಅವನು ಕೂಗಾಡಲಿಲ್ಲ. ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ, ನನ್ನ ಸೀರೆಗಳನ್ನೂ ಪುಸ್ತಕಗಳನ್ನೂ ಒಂದೊಂದಾಗಿ ಹೊರಗಿಟ್ಟ. "ಆ ಊರಿಗೆ ನಾನೊಬ್ನೇ ಹೋಯ್ತೀನಿ. ನೀನು ಮದ್ಲು ಮಾಗಡಿಗೋಗಿ ಅದ್ನ ಬಾಯ್ಬುಟ್ಟು ಹೇಳು. ಆಮ್ಯಾಕ್ ನೋಡನ." ಆ "ಆಮ್ಯಾಕೆ" ಇದೆಯೋ ಇಲ್ಲವೋ, ನಾನು ಕೇಳಲಿಲ್ಲ.

ಬರುತ್ತಿದ್ದೇನೆ, ಗೌರಿ. ಮೊದಲು ಮಾಗಡಿಯ ಆ ಅಂಗಳಕ್ಕೆ, ಎಲೆ ಕುಯ್ಯುವವರು ಮುದ್ದೆಗೆ ಕೂರುವ ಹೊತ್ತಿಗೆ. ಅವರೆಲ್ಲರ ಎದುರಿಗೆ ಹೇಳುತ್ತೇನೆ. ನಿಮ್ಮವ್ವನ ಎದುರು ನಿಂತಾಗ ಪಶ್ಚಾತ್ತಾಪವಾಗುತ್ತದೆ ಎಂದು ನಟಿಸಲಾರೆ. ಅವಳ ಮೇಲಿನ ಸಿಟ್ಟು ನನ್ನಲ್ಲಿ ಈಗಲೂ ಹಾಗೆಯೇ ಇದೆ, ಅದು ಎಂದಾದರೂ ಹೋಗುತ್ತದೆಯೋ ತಿಳಿಯದು. ಅವಳು ಕೋಲು ಎತ್ತಿದರೆ ಎತ್ತಲಿ. ನನ್ನ ಬಟ್ಟೆಗಳನ್ನು ಮತ್ತೆ ಚಂದ್ರಿಕೆಯ ಮೇಲೆ ಹರವಿದರೆ ಹರವಲಿ. ಈ ಸಲ ನಾನು ನಿನ್ನ ಹೆಸರನ್ನು ಅಲ್ಲಿಂದ ತೆಗೆದುಕೊಂಡೇ ಬರುತ್ತೇನೆ.

ಅಲ್ಲಿಂದ ನಿನ್ನ ಊರಿಗೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ತೀರಾ ಅಗ್ಗವಾಗುತ್ತದೆ. ನಿನ್ನ ಸ್ವೆಟರು ನನ್ನ ಬಳಿ ಇದೆ, ತರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ ನಿಲ್ಲುತ್ತೇನೆ, ಮುಖ ತಿರುಗಿಸಿದರೆ ಹಿಂದಿರುಗುತ್ತೇನೆ.

ಆದರೆ ನಾನು ಬರುವ ತನಕ ಕಾಯಬೇಡ. ಇದನ್ನು ಓದಿ ಮುಗಿಸಿದ ಕೂಡಲೇ ಕುರಿಹಟ್ಟಿಗೆ ಹೋಗು. ಎಲ್ಲಕ್ಕಿಂತ ಎಳೆಯ ಮರಿ ಯಾವುದಿದೆಯೋ ನೋಡಿ, ಎತ್ತಿಕೋ.